ಫಾರ್ಮ್ಯಾಟ್ ಹೊಡೆಯುವ ಮೊದಲು ಸ್ವಲ್ಪ ತಡೀರಿ

ಕಳೆದ ತಿಂಗಳು ಜೇವರ್ಗಿ ಕಡೆಯ ಡಿಟಿಪಿ ಅಂಗಡಿಯವರೊಬ್ಬರು ಹಳೇ ಸಿಪಿಯು ಒಂದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಕಲಬುರಗಿಯ ನನ್ನ ಅಂಗಡಿಗೆ ತಂದರು. "ವೈರಸ್ ಬಂದದ್ರಿ ಸರ್, ಫಾರ್ಮ್ಯಾಟ್ ಹೊಡದು ಕೊಡ್ರಿ, ಸಂಜಿ ಬಸ್ಸಿಗೆ ಒಯ್ತೀನಿ" ಅಂದರು. ಡೇಟಾ ಎಲ್ಲಿದೆ ಅಂತ ಕೇಳಿದೆ. "ಎಲ್ಲಾ ಡಿ ಡ್ರೈವ್‌ನ್ಯಾಗ ಅದರಿ."

ತೆಗೆದು ನೋಡಿದರೆ ವರ್ಷಗಟ್ಟಲೆ ಮಾಡಿದ ಲಗ್ನಪತ್ರಿಕೆಗಳೆಲ್ಲ ಡೆಸ್ಕ್‌ಟಾಪ್ ಮೇಲೇ ಇದ್ದವು. ಡೆಸ್ಕ್‌ಟಾಪ್ ಅಂದರೆ ಫಾರ್ಮ್ಯಾಟ್‌ನಲ್ಲಿ ಅಳಿಸಿಹೋಗುವ ಸಿ ಡ್ರೈವ್ ಅಲ್ವಾ? ಕೇಳಿದ ಕೂಡಲೇ ಫಾರ್ಮ್ಯಾಟ್ ಹೊಡೆದಿದ್ದರೆ ಎಲ್ಲ ಹೋಗುತ್ತಿತ್ತು.

ಹಾಗಾಗಿ ನಾನು ಯಾವಾಗಲೂ ಮೊದಲು ಡೇಟಾ ಹೊರಗೆ ತೆಗೆಯುತ್ತೇನೆ, ಅದೂ ಆ ವಿಂಡೋಸ್ ಆನ್ ಮಾಡದೆ. ವೈರಸ್ ಇರುವ ವಿಂಡೋಸ್ ಓಡುತ್ತಿರುವಾಗ ಪೆನ್‌ಡ್ರೈವ್ ಹಾಕಿದರೆ ಅದಕ್ಕೂ ಅಂಟಬಹುದು. ಬೇರೆ ಒಳ್ಳೆಯ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಓಡಿಸಬಹುದಾದ ಪುಕ್ಕಟೆ ವ್ಯವಸ್ಥೆ) ಪೆನ್‌ಡ್ರೈವ್ ಮಾಡಿಕೊಳ್ಳಿ, ವೈರಸ್ ಬಂದ ಕಂಪ್ಯೂಟರನ್ನು ಅದರಿಂದ ಬೂಟ್ ಮಾಡಿ, ಅಂದರೆ ಶುರು ಮಾಡಿ. ವಿಂಡೋಸ್‌ಗೆ ಬರೆದ ವೈರಸ್ ಅಲ್ಲಿ ಸುಮ್ನೆ ಫೈಲ್ ಆಗಿ ಬಿದ್ದಿರುತ್ತದೆ, ತಾನಾಗಿ ಓಡುವುದಿಲ್ಲ. ಫೋಲ್ಡರ್ ಜಾಗದಲ್ಲಿ ಬರೀ ಶಾರ್ಟ್‌ಕಟ್ ತೋರಿಸುವ ಶಾರ್ಟ್‌ಕಟ್ ವೈರಸ್ ಬಂದಾಗ ಫೋಲ್ಡರ್ ಎಲ್ಲ ಮಾಯವಾಯ್ತು ಅಂತ ಜನ ಗಾಬರಿಯಾಗುತ್ತಾರೆ, ಆದರೆ ಸಾಮಾನ್ಯವಾಗಿ ಅವು ಅಳಿಸಿಹೋಗಿರುವುದಿಲ್ಲ, ವೈರಸ್ ಅವನ್ನು ಅಡಗಿಸಿಟ್ಟಿರುತ್ತದೆ ಅಷ್ಟೇ, ಲಿನಕ್ಸ್‌ನಲ್ಲಿ ತೆರೆದರೆ ಅವು ಅಲ್ಲೇ ಕಾಣುತ್ತವೆ.

ಕಾಪಿ ಮಾಡುವ ಮುಂಚೆ ಹಾರ್ಡ್‌ಡಿಸ್ಕ್ ಆರೋಗ್ಯ ನೋಡಿ. ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ಹೇಳುವ ಸ್ಮಾರ್ಟ್ ರಿಪೋರ್ಟ್‌ನಲ್ಲಿ ಕೆಟ್ಟ ಸೆಕ್ಟರ್ (ಹಾಳಾದ ಜಾಗ) ಹೆಚ್ಚುತ್ತಿದ್ದರೆ ಸ್ಕ್ಯಾನ್ ಹಾಕುತ್ತ ಕೂರಬೇಡಿ, ಬಹಳ ಬೇಕಾದದ್ದನ್ನು ಮೊದಲು ಎತ್ತಿಕೊಳ್ಳಿ. ಟಕ್ ಟಕ್ ಸದ್ದು ಬರುತ್ತಿದ್ದರೆ ಕೂಡಲೇ ಆಫ್ ಮಾಡಿ.

ಏನು ಎತ್ತಬೇಕು? ಫೋಟೊ, ವರ್ಡ್, ಎಕ್ಸೆಲ್, ಪಿಡಿಎಫ್ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಬೇರೆಯದು. ದಾಲ್‌ಮಿಲ್, ಅಡತಿ ಅಂಗಡಿಯವರು ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಫೋಲ್ಡರ್ ಅನ್ನು ಪೂರ್ತಿ ಎತ್ತಬೇಕು. ಕನ್ನಡ ಟೈಪಿಂಗ್‌ನ ನುಡಿ ಸಾಫ್ಟ್‌ವೇರ್‌ನಲ್ಲಿ ಮಾಡಿದ ಹಳೇ ಫೈಲ್ ಇದ್ದರೆ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್ ಕೂಡ ಬೇಕೇ ಬೇಕು. ಆ ಫೈಲ್‌ಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಅದೇ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಸೆಟಪ್ ಫೈಲ್, ಕ್ರ್ಯಾಕ್ ಸಾಫ್ಟ್‌ವೇರ್ ಮಾತ್ರ ಮುಟ್ಟಬೇಡಿ. ನನ್ನ ಹತ್ತಿರ ಬರುವ ಕೇಸ್‌ಗಳಲ್ಲಿ ಜಾಸ್ತಿ ಕಾಯಿಲೆ ಬಂದಿರುವುದು ಅವುಗಳಿಂದಲೇ.

ಫೈಲ್ ಹೆಸರಿನ ಕೊನೆಗೆ ಏನೋ ಹೊಸ ಬಾಲ ಸೇರಿ, ದುಡ್ಡು ಕೇಳುವ ಚೀಟಿ ಬಂದಿದ್ದರೆ ಅದು ಫೈಲ್‌ಗಳಿಗೆ ಬೀಗ ಜಡಿಯುವ ವೈರಸ್, ರ‍್ಯಾನ್ಸಮ್‌ವೇರ್. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ನಡುಗಿಸಿದ ವಾನಾಕ್ರೈ ಇದೇ ಜಾತಿಯದು. ದಯವಿಟ್ಟು ದುಡ್ಡು ಕೊಡಬೇಡಿ, ಕೊಟ್ಟರೂ ಫೈಲ್ ಬರುವ ಖಾತ್ರಿಯಿಲ್ಲ. ಲಾಕ್ ಆದ ಫೈಲ್‌ಗಳನ್ನೂ ಆ ಚೀಟಿಯನ್ನೂ ಬೇರೆ ಡಿಸ್ಕ್‌ನಲ್ಲಿ ಇಡಿ. ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ನೆದರ್‌ಲ್ಯಾಂಡ್ಸ್ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ 'ನೋ ಮೋರ್ ರ‍್ಯಾನ್ಸಮ್' ತಾಣದಲ್ಲಿ ಕೆಲವು ಬಗೆಗೆ ಬೀಗ ತೆಗೆಯುವ ಸಾಧನ ಪುಕ್ಕಟೆ ಸಿಗುತ್ತದೆ, ಇವತ್ತು ಇಲ್ಲದ್ದು ಮುಂದೆ ಬರಬಹುದು.

ಇಷ್ಟಾದ ಮೇಲೆ ಫಾರ್ಮ್ಯಾಟ್, ಅದೂ ಪೂರ್ತಿ ಡಿಸ್ಕ್. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಭದ್ರತಾ ಅಪ್‌ಡೇಟ್ ನಿಂತಿದೆ, ಮತ್ತೆ ಅದನ್ನೇ ಹಾಕಿಸಬೇಡಿ. ನಮ್ಮ ಬೇಸಿಗೆಯ ಧೂಳಿಗೆ ಫ್ಯಾನ್ ಕಟ್ಟಿರುತ್ತದೆ, ಬಿಚ್ಚಿದಾಗಲೇ ಒರೆಸಿ, ಪ್ರೊಸೆಸರ್ ಮೇಲೆ ಬಿಸಿ ಹೊರಹಾಕಲು ನೆರವಾಗುವ ಹೊಸ ಪೇಸ್ಟ್ ಹಚ್ಚಿ. ತಾರೀಖು ಪ್ರತಿ ಸಲ ಹಿಂದೆ ಹೋಗಿ ವೆಬ್‌ಸೈಟ್ ತೆರೆಯದಿದ್ದರೆ ಮದರ್‌ಬೋರ್ಡ್ ಮೇಲಿನ ಬಿಲ್ಲೆ ಸೆಲ್ ಬದಲಿಸಿ, ಎಷ್ಟೋ ಜನ ಅದನ್ನೂ ವೈರಸ್ ಅಂತಲೇ ತಂದಿರುತ್ತಾರೆ.

ಜೇವರ್ಗಿಯವರಿಗೆ ಅವತ್ತು ಸಂಜೆ ಬಸ್ ಸಿಗಲಿಲ್ಲ. ಮರುದಿನ ಬಂದು ಹಳೇ ಲಗ್ನಪತ್ರಿಕೆ ಒಂದನ್ನು ತೆರೆದರು, ಅಕ್ಷರ ಸರಿಯಾಗಿ ಬಂದವು. ಒಯ್ಯುವ ಮುಂಚೆ ಇಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಅವರ ಮೊಬೈಲ್‌ನಲ್ಲೇ, ನನ್ನ ಎದುರಿಗೇ ಬದಲಿಸಲು ಹೇಳಿದೆ.