ಪದ ಪರಿಚಯ: ಮಾಸ್ಟಾಲ್ಜಿಯಾ, ಜೊತೆಗೆ ತೊಟ್ಟಿನ ತುರಿಕೆ

ಮಾಸ್ಟಾಲ್ಜಿಯಾ ಅಂದರೆ ಸ್ತನದ ನೋವು, ಅಷ್ಟೇ. ವೈದ್ಯರ ಚೀಟಿಯಲ್ಲಿ ಈ ಪದ ಕಂಡು ಗಾಬರಿ ಬೀಳುವುದು ಬೇಡ, ಇದು ರೋಗದ ಹೆಸರಲ್ಲ, ಲಕ್ಷಣದ ಹೆಸರು. ತೊಟ್ಟಿನ ತುರಿಕೆ ಕೆಲವೊಮ್ಮೆ ಇದರ ಜೊತೆಗೇ ಬರುತ್ತದೆ. ಆದರೆ ನೋವು ಹೆಚ್ಚಾಗಿ ಒಳಗಿನ ಗ್ರಂಥಿಯದ್ದು, ಹಾರ್ಮೋನಿನ ಏರಿಳಿತಕ್ಕೆ ಸಿಕ್ಕಿದ್ದು. ತುರಿಕೆ ಹೊರಗಿನ ಚರ್ಮದ್ದು. ಹಾಗಾಗಿ ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ನೋವಿಗೆ ಮುಟ್ಟಿನ ಲೆಕ್ಕ ಕೂಡುತ್ತದೆಯೇ ಎಂದು ಮೊದಲು ನೋಡಬೇಕು. ಮುಟ್ಟಿಗೆ ಒಂದೆರಡು ವಾರ ಇರುವಾಗ ಎರಡೂ ಕಡೆ ಭಾರವಾಗಿ, ಕಂಕುಳಿನತ್ತ ಎಳೆದಂತೆ ನೋಯುವುದು, ಸ್ರಾವ ಶುರುವಾದ ಮೇಲೆ ಇಳಿಯುವುದು ಅತಿ ಸಾಮಾನ್ಯ ಬಗೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ ನೋವಿನ ದಿನಗಳನ್ನೂ ಎರಡು ಮೂರು ತಿಂಗಳು ಗುರುತು ಹಾಕಿಡಿ. ವೈದ್ಯರಿಗೆ ಇದಕ್ಕಿಂತ ಉಪಯೋಗದ ಕಾಗದ ಬೇರಿಲ್ಲ. ಮುಟ್ಟು ತಪ್ಪಿ ಸ್ತನ ಮುಟ್ಟಲಾಗದಷ್ಟು ನೋಯುತ್ತಿದ್ದರೆ ಬೇರೆ ಯೋಚನೆಗೆ ಮೊದಲು ಮೂತ್ರ ಪರೀಕ್ಷೆಯ ಕಿಟ್ ತನ್ನಿ. ಗರ್ಭಿಣಿಯ ಮೊದಲ ಲಕ್ಷಣಗಳಲ್ಲಿ ಇದೂ ಒಂದು. ಗರ್ಭನಿರೋಧಕ ಮಾತ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆ, ಸ್ಪೈರೊನೊಲ್ಯಾಕ್ಟೋನ್ ಎಂಬ ಮೂತ್ರವರ್ಧಕ, ಇವುಗಳಿಂದಲೂ ನೋವು ಬರಬಹುದು.

ಮುಟ್ಟಿಗೆ ಸಂಬಂಧವಿಲ್ಲದೆ ಒಂದೇ ಕಡೆ, ಬೆರಳಿಟ್ಟು ತೋರಿಸುವಂಥ ನೋವು ಎಷ್ಟೋ ಸಲ ಸ್ತನದ್ದೇ ಅಲ್ಲ, ಪಕ್ಕೆಲುಬಿನ ಸಂದಿನದ್ದು ಅಥವಾ ಎದೆಯ ಸ್ನಾಯುವಿನದ್ದು. ಪರೀಕ್ಷೆ ಸುಲಭ: ಒಂದು ಮಗ್ಗುಲಿಗೆ ಮಲಗಿ, ಸ್ತನ ಪಕ್ಕಕ್ಕೆ ಸರಿದ ಮೇಲೆ ಎಲುಬನ್ನೇ ಒತ್ತಿ. ಅದೇ ನೋವು ಎದ್ದರೆ ಮೂಲ ಅಲ್ಲಿದೆ. ಬಾವಿಯಿಂದ ನೀರು ಸೇದುವವರಲ್ಲಿ, ದಿನವಿಡೀ ಬಗ್ಗಿ ಬೀಡಿ ಕಟ್ಟುವವರಲ್ಲಿ ಇದನ್ನು ಮರೆಯಬಾರದು.

ಹಾರ್ಮೋನಿನ ನೋವಿಗೆ ಮೊದಲ ಚಿಕಿತ್ಸೆ ಅಳತೆಗೆ ಸರಿಯಾದ ಬ್ರಾ. ಸ್ತನದ ಕೆಳಗೆ ಒಂದು ಅಳತೆ, ತೊಟ್ಟಿನ ಮಟ್ಟದಲ್ಲಿ ಇನ್ನೊಂದು. ಹಳೆಯ ನಂಬರನ್ನೇ ವರ್ಷಗಟ್ಟಲೆ ಕೊಳ್ಳುವುದು ಬೇಡ. ನೋವಿನ ದಿನಗಳಲ್ಲಿ ರಾತ್ರಿ ಮೆತ್ತನೆಯದೊಂದು ತೊಟ್ಟರೆ ಹಾಯೆನಿಸುತ್ತದೆ. ಡೈಕ್ಲೊಫೆನಾಕ್ ಜೆಲ್ ಸವರುವುದರಿಂದ ಹಲವರಿಗೆ ಗುಣವಿದೆ, ಆದರೆ ಗರ್ಭಿಣಿಯರು ಮತ್ತು ಹಾಲೂಡಿಸುವವರು ಕೇಳದೆ ಹಚ್ಚಬಾರದು. ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಮಾತ್ರೆ ಧಾರಾಳವಾಗಿ ಬರೆಯಲ್ಪಡುತ್ತದೆ. ಕೊಟ್ಟ ಹಣಕ್ಕೆ ತಕ್ಕ ಪುರಾವೆ ಅದಕ್ಕಿಲ್ಲ. ನೋವು ತೀರಾ ಕಾಡಿದರೆ ನಮ್ಮ ದೇಶದಲ್ಲಿ ವೈದ್ಯರು ಸೆಂಟ್‌ಕ್ರೋಮನ್ ಕೊಡುವುದುಂಟು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ, ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧಕ್ಕಾಗಿ ‘ಛಾಯಾ’ ಹೆಸರಿನಲ್ಲಿ ಸಿಗುವ ಮಾತ್ರೆಯೇ ಅದು. ಅದರಿಂದ ಮುಟ್ಟು ಮುಂದಕ್ಕೆ ಹೋಗಬಹುದು ಎಂಬುದು ಮೊದಲೇ ತಿಳಿದಿರಲಿ.

ಇನ್ನು ತುರಿಕೆ. ಮಂಗಳೂರು, ಉಡುಪಿಯ ಸೆಕೆಯಲ್ಲಿ ಸ್ತನದ ಅಡಿಯ ಮಡಿಕೆ ಒಣಗುವುದೇ ಕಷ್ಟ. ಮಳೆ ಬಿಡದ ಆಟಿ ತಿಂಗಳಲ್ಲಿ ಬಟ್ಟೆಯೂ ಒಣಗುವುದಿಲ್ಲ, ಹಸಿ ಬ್ರಾ ತೊಟ್ಟೇ ಕೆಲಸಕ್ಕೆ ಹೊರಡುವುದಾಗುತ್ತದೆ. ಮಡಿಕೆಯಲ್ಲಿ ಕೆಂಪಾಗಿ, ಒದ್ದೆಯಾಗಿ, ಅಂಚಿನಾಚೆ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದರೆ ಕ್ಯಾಂಡಿಡಾ ಶಿಲೀಂಧ್ರ. ಅಂಚು ಉಬ್ಬಿ ಹೊಟ್ಟೆದ್ದು ನಡು ತಿಳಿಯಾಗಿದ್ದರೆ ಗಜಕರ್ಣ. ಎರಡಕ್ಕೂ ಕ್ಲೋಟ್ರಿಮಜೋಲ್ 1% ಕ್ರೀಮ್ ದಿನಕ್ಕೆ ಎರಡು ಸಲ, ಕಲೆ ಮಾಯವಾದ ಮೇಲೂ ಒಂದೆರಡು ವಾರ ಹಚ್ಚಬೇಕು. ಹಚ್ಚುವ ಮೊದಲು ಜಾಗ ಒರೆಸಿ ಪೂರ್ತಿ ಒಣಗಿಸಿ. ಒಣ ಚರ್ಮಕ್ಕೆ ಒಳ್ಳೆಯದಾದ ತೆಂಗಿನೆಣ್ಣೆ ಇಲ್ಲಿ ಬೇಡ, ಒದ್ದೆಯನ್ನು ಅಲ್ಲೇ ಹಿಡಿದಿಡುತ್ತದೆ. ಬ್ರಾವನ್ನು ಇಸ್ತ್ರಿ ಹಾಕಿಯಾದರೂ ಒಣಗಿಸಿ ತೊಡಿ.

ಕೆಲಸ ಕೆಡುವುದು ಮೆಡಿಕಲ್‌ನಲ್ಲಿ ‘ತುರಿಕೆಗೆ ಒಂದು ಟ್ಯೂಬ್’ ಕೇಳಿದಾಗ. ಕೈಗೆ ಬರುವುದು ಹೆಚ್ಚಾಗಿ ಸ್ಟೀರಾಯ್ಡ್, ಆ್ಯಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ್ದು. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಬಿಟ್ಟ ವಾರದಲ್ಲಿ ಇನ್ನಷ್ಟು ಅಗಲವಾಗಿ ಮರಳುತ್ತದೆ. ಗಜಕರ್ಣದ ಬಳೆಯಾಕಾರ ಅಳಿಸಿಹೋಗಿ ಚರ್ಮವೈದ್ಯರಿಗೂ ಗುರುತು ಸಿಗದಂತಾಗುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವೂ ತೆಳುವಾಗುತ್ತದೆ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್ ಅಥವಾ ಬೆಕ್ಲೊಮೆಟಾಸೋನ್ ಎಂಬ ಸ್ಟೀರಾಯ್ಡ್ ಹೆಸರಿದ್ದರೆ ವೈದ್ಯರು ಬರೆಯದೆ ಹಚ್ಚಬೇಡಿ.

ಎರಡೂ ತೊಟ್ಟಿನ ಸುತ್ತ ಒಣಗಿ, ಬಿರಿದು, ನೀರೊಸರಿದರೆ ಎಸ್ಜಿಮಾ, ಅಂದರೆ ಚರ್ಮದ ಉರಿಯೂತ, ಇರಬಹುದು. ಹೊಸ ಡಿಟರ್ಜೆಂಟ್, ಕಂಫರ್ಟ್‌ನಂಥ ಸುವಾಸನೆಯ ದ್ರವ, ಡಿಯೋಡರೆಂಟ್, ಲೇಸು, ಯಾವುದು ಹೊಸದಾಗಿ ಸೇರಿತೆಂದು ನೆನಪು ಮಾಡಿಕೊಳ್ಳಿ. ರಾತ್ರಿ ತುರಿಕೆ ಏರಿ, ಬೆರಳ ಸಂದಿಯಲ್ಲೂ ಇದ್ದು, ಮನೆಯಲ್ಲಿ ಇನ್ನೊಬ್ಬರೂ ಕೆರೆಯುತ್ತಿದ್ದರೆ ಅದು ಕಜ್ಜಿ. ಹೆಂಗಸರಲ್ಲಿ ತೊಟ್ಟಿನ ಸುತ್ತ ಅದು ನೆಲೆಯೂರುವುದು ಹೆಚ್ಚು. ಪರ್ಮೆಥ್ರಿನ್ 5% ಕ್ರೀಮನ್ನು ಕುತ್ತಿಗೆಯಿಂದ ಕಾಲಿನ ತನಕ ಹಚ್ಚಿ 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು, ಒಂದು ವಾರದ ನಂತರ ಮತ್ತೊಮ್ಮೆ, ಮನೆಮಂದಿಯೆಲ್ಲ ಅದೇ ದಿನ. ಒಬ್ಬರೇ ಹಚ್ಚಿಕೊಂಡರೆ ಮತ್ತೆ ಅಂಟುತ್ತದೆ.

ಬಾಣಂತಿಯ ತೊಟ್ಟಿನ ನೋವಿಗೆ ಮುಖ್ಯ ಕಾರಣ ಮಗು ತೊಟ್ಟನ್ನಷ್ಟೇ ಕಚ್ಚುವುದು. ಸುತ್ತಲ ಕಪ್ಪು ಭಾಗವೂ, ಅದರಲ್ಲೂ ಕೆಳಗಿನದು, ಬಾಯೊಳಗೆ ಹೋಗಬೇಕು. ನೋವಿನ ಜೊತೆ ತುರಿಕೆಯೂ ಇದ್ದು, ಮಗುವಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ ಕಂಡರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಬೇಕು. ಎಣ್ಣೆಸ್ನಾನದ ದಿನ ತೊಟ್ಟಿಗೆ ಸೋಪು ಹಾಕಿ ಉಜ್ಜಬಾರದು. ಚಳಿಜ್ವರ ಬಂದು ಸ್ತನದ ಒಂದು ಪಾಲು ಕೆಂಪಾಗಿ ಗಟ್ಟಿಯಾದರೆ ಹಾಲು ನಿಲ್ಲಿಸದೆ ಅದೇ ದಿನ ತೋರಿಸಿ. ಹಾಲು ಕಟ್ಟಿಕೊಂಡರೆ ಕೀವಾಗುವುದೇ ಬೇಗ.

ನೋವೊಂದೇ ಕ್ಯಾನ್ಸರ್‌ನ ಲಕ್ಷಣವಾಗುವುದು ಅಪರೂಪ. ನಿಜಕ್ಕೂ ಕಣ್ಣಿಡಬೇಕಾದ್ದು ಒಂದೇ ತೊಟ್ಟಿನ ಮಾಯದ ಗಾಯದ ಮೇಲೆ. ಬ್ರಿಟಿಷ್ ಸರ್ಜನ್ ಜೇಮ್ಸ್ ಪ್ಯಾಜೆಟ್ 1874ರಲ್ಲಿ ವಿವರಿಸಿದ, ಅವರದೇ ಹೆಸರಿನ ಕಾಯಿಲೆ ಎಸ್ಜಿಮಾದ ವೇಷದಲ್ಲೇ ಬರುತ್ತದೆ: ತುರಿಕೆ, ಉರಿ, ಹೊಟ್ಟು, ನೀರೊಸರುವಿಕೆ. ಎಸ್ಜಿಮಾ ಸುತ್ತಲ ಕಪ್ಪು ಭಾಗವನ್ನು ಹಿಡಿದು ತೊಟ್ಟನ್ನು ಬಿಡುವುದೇ ಹೆಚ್ಚು, ಪ್ಯಾಜೆಟ್ ತೊಟ್ಟಿನಿಂದಲೇ ಶುರುವಾಗಿ ಹೊರಕ್ಕೆ ಹರಡುತ್ತದೆ. ಹೆಚ್ಚಿನವರಲ್ಲಿ ಒಳಗೆ ಕ್ಯಾನ್ಸರ್ ಇರುವುದರಿಂದ, ಎರಡು ಮೂರು ವಾರದ ಕ್ರೀಮಿಗೆ ವಾಸಿಯಾಗದಿದ್ದರೆ ಚರ್ಮದ ಚೂರು ತೆಗೆದು ಬಯಾಪ್ಸಿ ಮಾಡಿಸಲೇಬೇಕು. ಗಂಟು, ತೊಟ್ಟು ಒಳಸೇರುವುದು, ರಕ್ತ ಬೆರೆತ ಸ್ರಾವ, ಜ್ವರವಿಲ್ಲದೆ ಕೆಂಪೇರಿ ಕಿತ್ತಳೆ ಸಿಪ್ಪೆಯಂತಾದ ಚರ್ಮ, ಇವಕ್ಕೂ ಕಾಯುವಂತಿಲ್ಲ.

ಇಂಥದ್ದಕ್ಕೆ ನೇರ ಸರ್ಜರಿ ವಿಭಾಗಕ್ಕೆ ಹೋಗಿ. ಮಂಗಳೂರಿನಲ್ಲಿ ವೆನ್ಲಾಕ್ ಆಸ್ಪತ್ರೆ, ಉಡುಪಿಯಲ್ಲಿ ಜಿಲ್ಲಾಸ್ಪತ್ರೆ. ಹೆರಿಗೆ ವೈದ್ಯರ ಬಳಿ ಹೋದರೂ ಕೊನೆಗೆ ಅಲ್ಲಿಗೇ ಕಳಿಸುತ್ತಾರೆ. 30ರ ಒಳಗಿನವರಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್, 40 ದಾಟಿದವರಿಗೆ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಕೂಡ. ಮ್ಯಾಮೋಗ್ರಾಂನ ದಿನ ಪೌಡರು, ಡಿಯೋಡರೆಂಟ್ ಹಾಕಬಾರದು, ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಮುಟ್ಟು ಮುಗಿದ ವಾರದಲ್ಲಿ ಹೋದರೆ ಯಂತ್ರ ಸ್ತನವನ್ನು ಒತ್ತುವಾಗ ನೋವೂ ಕಡಿಮೆ.