ಕೊಲ್ಲಿಯ ಹೊರಗೊಂದು ಮೈಸೂರಿನ ಕೋಠಿ

ಶ್ರೀರಂಗಪಟ್ಟಣಕ್ಕೂ ಕಡಲಿಗೂ ಬಹಳ ದೂರ. ನಡುವೆ ಘಟ್ಟವಿದೆ. ಆದರೂ ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸರ್ಕಾರಕ್ಕೆ ಅರಬ್ಬಿ ಸಮುದ್ರದ ಆಚೆ, ಮಸ್ಕತ್‌ನಲ್ಲಿ ಸ್ವಂತ ವ್ಯಾಪಾರದ ಕೋಠಿ ಇತ್ತು. ಇಲ್ಲಿಯ ಗಂಧ, ಮೆಣಸು, ಏಲಕ್ಕಿ, ಕರಾವಳಿಯ ಅಕ್ಕಿ ಹಡಗೇರಿ ಅಲ್ಲಿಗೆ ಹೋಗುತ್ತಿದ್ದವು. ರೇಷ್ಮೆ ಹುಳುಗಳನ್ನೂ ಅವನ್ನು ಸಾಕಲು ಬಲ್ಲವರನ್ನೂ ಹುಡುಕಿ ಕಳಿಸಿ ಎಂದು ಟಿಪ್ಪು ಅಲ್ಲಿದ್ದ ತನ್ನ ಪ್ರತಿನಿಧಿಗೆ ಬರೆದಿದ್ದ.

ಮಸ್ಕತ್ತೇ ಯಾಕೆ? ನಕ್ಷೆ ತೆಗೆದು ನೋಡಿ. ಪರ್ಷಿಯನ್ ಕೊಲ್ಲಿ ಸುಮಾರು 1,000 ಕಿ.ಮೀ. ಉದ್ದ ಇದೆ. ಅಷ್ಟು ದೊಡ್ಡ ಕೊಲ್ಲಿಗೆ ಸಮುದ್ರದ ದಾರಿ ಒಂದೇ, ಹಾರ್ಮುಜ್ ಜಲಸಂಧಿ. ಮಸ್ಕತ್ ಅದರ ಒಳಗಿಲ್ಲ. ಹೊರಗೆ, ಒಮಾನ್ ಕೊಲ್ಲಿಯ ದಡದಲ್ಲಿದೆ.

ಹಾಯಿ ಹಡಗಿನವರಿಗೆ ಗಾಳಿಯೇ ಎಲ್ಲ, ಅಲ್ವಾ? ಚಳಿಗಾಲದಲ್ಲಿ ಈಶಾನ್ಯದ ಗಾಳಿ ನಮ್ಮ ಕರಾವಳಿಯಿಂದ ಅರೇಬಿಯಾ ಕಡೆಗೆ ಹಡಗನ್ನು ತಳ್ಳುತ್ತದೆ. ಆಮೇಲೆ ನೈಋತ್ಯದ ಗಾಳಿ ವಾಪಸ್ ಕರೆತರುತ್ತದೆ. ಮಳೆಗಾಲ ಜೋರಾದರೆ ನಮ್ಮ ಬಂದರುಗಳೆಲ್ಲ ಮುಚ್ಚಿದಂತೆಯೇ. ಇನ್ನು ಪರ್ಷಿಯನ್ ಕೊಲ್ಲಿಯೊಳಗೆ ಹೆಚ್ಚಾಗಿ ಬೀಸುವುದು ಶಮಾಲ್ ಎಂಬ ವಾಯವ್ಯದ ಗಾಳಿ. ಒಳಗೆ ಹೋಗುವವರಿಗೆ ಅದು ಎದುರುಗಾಳಿ. ಮಸ್ಕತ್‌ನಲ್ಲಾದರೆ ಗುಡ್ಡಗಳ ಮರೆಯಲ್ಲಿ ಒಳ್ಳೆಯ ಬಂದರಿದೆ. ಸರಕನ್ನು ಅಲ್ಲೇ ಇಳಿಸಿ, ಋತು ಮುಗಿಯುವ ಮೊದಲು ಹಿಂತಿರುಗಬಹುದು.

ಕೊಲ್ಲಿಯ ಆಳವನ್ನೂ ನೋಡಬೇಕು. ಪರ್ಷಿಯನ್ ಕೊಲ್ಲಿ ತಟ್ಟೆಯ ಹಾಗೆ. ಸರಾಸರಿ ಆಳ ಬರೀ 35 ಮೀಟರ್. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರದ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಇಲ್ಲಿ ಕೊಲ್ಲಿಯೇ ಇರಲಿಲ್ಲ! ಅದು ಒಣನೆಲ. ಟೈಗ್ರಿಸ್, ಯೂಫ್ರೆಟಿಸ್ ನದಿಗಳ ನೀರು ಅದರ ಮೇಲೆ ಹರಿದು ಒಮಾನ್ ಕೊಲ್ಲಿ ಸೇರುತ್ತಿತ್ತು. ಹಿಮ ಕರಗಿದ ಮೇಲೆ ಸಮುದ್ರ ನುಗ್ಗಿತು. ದಡ ಹೆಚ್ಚುಕಡಿಮೆ ಈಗಿನ ಜಾಗಕ್ಕೆ ಬಂದದ್ದು ಸುಮಾರು 6,000 ವರ್ಷಗಳ ಹಿಂದೆ. ಭೂಮಿಯ ವಯಸ್ಸಿನ ಮುಂದೆ ಇದು ನಿನ್ನೆ ಮೊನ್ನೆಯ ಮಾತು.

ಅಲ್ಲಿ ಬಿಸಿಲು ಜಾಸ್ತಿ, ಮಳೆ ಕಡಿಮೆ. ನೀರು ಆವಿಯಾದಷ್ಟೂ ಉಪ್ಪು ಉಳಿಯುತ್ತದೆ. ಸಾಮಾನ್ಯ ಸಮುದ್ರದ ಒಂದು ಕಿಲೋ ನೀರಿನಲ್ಲಿ 35 ಗ್ರಾಂ ಉಪ್ಪಿದ್ದರೆ ಇಲ್ಲಿ ಸುಮಾರು 40. ಆ ಭಾರದ ನೀರು ತಳ ಹಿಡಿದು ಹಾರ್ಮುಜ್ ಮೂಲಕ ಹೊರಗೆ ಹರಿಯುತ್ತದೆ. ಮೇಲ್ಭಾಗದಲ್ಲಿ ಹಿಂದೂ ಮಹಾಸಾಗರದ ಹಗುರ ನೀರು ಒಳಗೆ ಬರುತ್ತದೆ. ಒಂದೇ ಕಿರಿದಾದ ದಾರಿಯಲ್ಲಿ ಎರಡು ಪ್ರವಾಹ, ಒಂದರ ಮೇಲೊಂದು. ನನಗೆ ಈ ಕೊಲ್ಲಿಯ ಅತ್ಯಂತ ಸುಂದರ ಸಂಗತಿ ಇದೇ.

ಇಂದಿನ ದೊಡ್ಡ ತೈಲ ಹಡಗುಗಳಿಗೆ 20 ಮೀಟರಿಗೂ ಹೆಚ್ಚು ಆಳದ ನೀರು ಬೇಕು. ಹಾಗಾಗಿ ಹಾರ್ಮುಜ್‌ನಲ್ಲಿ ಅವು ಎಲ್ಲೆಂದರಲ್ಲಿ ಹೋಗುವಂತಿಲ್ಲ. ಹೋಗುವವರಿಗೆ, ಬರುವವರಿಗೆ ಗುರುತು ಮಾಡಿದ ದಾರಿಗಳಿವೆ. ಒಂದೊಂದೂ ಸುಮಾರು 3.7 ಕಿ.ಮೀ. ಅಗಲ. 2024ರಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ತೈಲ ಈ ಜಲಸಂಧಿ ದಾಟಿತು. ಜಗತ್ತು ಬಳಸುವ ತೈಲದ ಐದನೇ ಒಂದು ಪಾಲು! ಭಾರತ ತರಿಸಿಕೊಳ್ಳುವ ಅಡುಗೆ ಅನಿಲದಲ್ಲೂ ಬಹುಪಾಲು ಇದೇ ದಾರಿಯಲ್ಲಿ ಬಂದಿದೆ. ಮಂಗಳೂರಿನಿಂದ ಹಾಸನ, ಮೈಸೂರಿನ ಕಡೆಗೆ ಅನಿಲದ ಕೊಳವೆ ಹಾಕಿದ್ದಾರೆ. ಹಾರ್ಮುಜ್‌ನಲ್ಲಿ ಗಲಾಟೆ ಎಂಬ ಸುದ್ದಿ ಬಂದರೆ ಮಂಡ್ಯದ ಅಡುಗೆಮನೆಗೂ ಅದು ಸಂಬಂಧಪಟ್ಟದ್ದೇ.

ಈ ಇಕ್ಕಟ್ಟು ತಪ್ಪಿಸಲು ಅಬುಧಾಬಿ ನೆಲದ ಮೇಲೆ ಕೊಳವೆ ಹಾಕಿ, 2012ರಿಂದ ಫುಜೈರಾ ಬಂದರಿಗೆ ತೈಲ ಸಾಗಿಸುತ್ತಿದೆ. ಫುಜೈರಾ ಇರುವುದೂ ಹಾರ್ಮುಜ್‌ನ ಹೊರಗೆ, ಮಸ್ಕತ್ ಇರುವ ಅದೇ ಒಮಾನ್ ಕೊಲ್ಲಿಯ ದಡದಲ್ಲಿ.