ಬಲೆಯ ಸೀಸದ ಗುಂಡಿಗೆ ಸೇರುವ ಸತು

ಬೀಸುಬಲೆ ನೀರಿಗೆ ಬಿದ್ದ ಕೂಡಲೇ ತಳಕ್ಕೆ ಇಳಿಯಬೇಕು. ಅದಕ್ಕೇ ಅದರ ಅಂಚಿಗೆ ಸೀಸದ ಗುಂಡುಗಳು. ಶ್ರೀರಂಗಪಟ್ಟಣದ ಕಾವೇರಿಯಲ್ಲೋ ಕನ್ನಂಬಾಡಿ ಹಿನ್ನೀರಿನಲ್ಲೋ ಮೀನು ಹಿಡಿಯುವವರು ಇವನ್ನು ಮನೆಯಲ್ಲೇ ಎರಕ ಹೊಯ್ದುಕೊಳ್ಳಬಹುದು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಸೌದೆ ಒಲೆ ಸಾಕು. ತೊಡಕು ಶುರುವಾಗುವುದು ಸೀಸ ಎಲ್ಲಿಂದ ಬಂತು ಎನ್ನುವಲ್ಲಿ.

ಸುಲಭವಾಗಿ ಸಿಗುವುದು ಗುಜರಿ. ಮಂಡ್ಯದ ಹೆದ್ದಾರಿ ಬದಿಯ ಟೈರ್ ಅಂಗಡಿಗಳಲ್ಲಿ ಚಕ್ರದಿಂದ ಕಿತ್ತ ಬ್ಯಾಲೆನ್ಸಿಂಗ್ ತೂಕಗಳು ಡಬ್ಬಿಯಲ್ಲಿ ಬಿದ್ದಿರುತ್ತವೆ. ಮೊದಲು ಇವು ಬಹುಪಾಲು ಸೀಸದವೇ. ಯುರೋಪಿನ ಒಕ್ಕೂಟ 2005ರಲ್ಲಿ ಕಾರುಗಳಿಗೆ ಸೀಸದ ತೂಕ ಬೇಡವೆಂದ ಮೇಲೆ ಸತು ಮತ್ತು ಉಕ್ಕಿನವು ಹೆಚ್ಚಾದವು. ಬಣ್ಣ ಬಳಿದ ಮೇಲೆ ಮೂರೂ ಒಂದೇ ಥರ. ಉಕ್ಕು ಕರಗದೆ ತೇಲುತ್ತದೆ, ತೆಗೆದು ಬಿಸಾಡಿದರಾಯಿತು. ಸತು ಹಾಗಲ್ಲ. 420 ಡಿಗ್ರಿ ಮುಟ್ಟಿದರೆ ಅದೂ ಕರಗಿ ಸೀಸದೊಳಗೆ ಸ್ವಲ್ಪ ಸ್ವಲ್ಪವೇ ಬೆರೆಯುತ್ತದೆ. ಆಮೇಲೆ ದ್ರವ ಗಂಟುಗಟ್ಟಿದ ರಾಗಿ ಅಂಬಲಿಯಂತಾಗುತ್ತದೆ. ಮೇಲೆ ಎಷ್ಟು ಸಲ ಕೆನೆ ತೆಗೆದರೂ ಮತ್ತೆ ಆಕ್ಸೈಡಿನ ಪೊರೆ ಕಟ್ಟುತ್ತದೆ, ಅಚ್ಚಿನ ಮೂಲೆಗೆ ಲೋಹ ಹರಿಯುವುದಿಲ್ಲ, ಗುಂಡು ಸುಕ್ಕು ಸುಕ್ಕಾಗಿ ಬರುತ್ತದೆ.

ವಿಚಿತ್ರವೆಂದರೆ, ಇದೇ ಸತುವನ್ನು ಸೀಸದ ಕಾರ್ಖಾನೆಗಳು, ಸೀಸದೊಳಗಿನ ಬೆಳ್ಳಿ ತೆಗೆಯಲು, ಬೇಕೆಂದೇ ಹಾಕುತ್ತವೆ. ಇಂಗ್ಲೆಂಡಿನ ಲೋಹತಜ್ಞ ಅಲೆಕ್ಸಾಂಡರ್ ಪಾರ್ಕ್ಸ್ 1850ರಲ್ಲಿ ಪೇಟೆಂಟ್ ಪಡೆದ ವಿಧಾನವದು. ಸತುವಿಗೆ ಬೆಳ್ಳಿಯ ಮೇಲೆ ಸೀಸಕ್ಕಿಂತ ಹೆಚ್ಚು ಒಲವು, ಆದ್ದರಿಂದ ಬೆಳ್ಳಿಯನ್ನು ಸೆಳೆದುಕೊಂಡು ಮೇಲೆ ಹೆಪ್ಪುಗಟ್ಟುತ್ತದೆ. ಸೀಸದಲ್ಲಿ ಉಳಿದ ಸತುವನ್ನು ನಿರ್ವಾತದಲ್ಲಿ ಆವಿಯಾಗಿಸಿ ತೆಗೆಯುತ್ತಾರೆ. ಮನೆಯ ಒಲೆಗೆ ಅದು ಸಾಧ್ಯವಿಲ್ಲ, ಕೆಟ್ಟ ಪಾಕ ಗುಜರಿಗೇ ಹೋಗಬೇಕು. ಹಾಗಾಗಿ ಕರಗಿಸುವ ಮೊದಲೇ ಕಟಿಂಗ್ ಪ್ಲೈಯರ್‌ನಿಂದ ಒತ್ತಿ ನೋಡಬೇಕು. ಸೀಸ ಮೆತ್ತಗೆ ತುಂಡಾಗುತ್ತದೆ, ಸತು ಪ್ಲೈಯರ್‌ನ ಹಲ್ಲಿಗೆ ಬಗ್ಗುವುದಿಲ್ಲ. ನೆಲಕ್ಕೆ ಬಿಟ್ಟರೆ ಸೀಸ ದೊಪ್ಪೆನ್ನುತ್ತದೆ, ಸತು ಟಿಣ್ಣೆನ್ನುತ್ತದೆ.

ಮೈಸೂರಿನ ಹಳೆಯ ಮುದ್ರಣಾಲಯಗಳ ಅಚ್ಚುಮೊಳೆಯಂಥದ್ದು ಸಿಕ್ಕರೆ ಅದರಲ್ಲಿ ಆಂಟಿಮನಿ, ತವರ ಇರುತ್ತವೆ. ಅಚ್ಚಿಗೆ ಚೆನ್ನಾಗಿ ಹರಿಯುತ್ತದೆ, ಆದರೆ ಗುಂಡು ಗಡುಸಾಗಿ, ಹಗ್ಗಕ್ಕೆ ಒತ್ತಿ ಕೂರಿಸುವಾಗ ಸೀಳುತ್ತದೆ.

ಬ್ಯಾಟರಿ ಸೀಸವನ್ನಂತೂ ಮುಟ್ಟಲೇಬಾರದು. ಇನ್ವರ್ಟರ್ ಬ್ಯಾಟರಿ ಒಡೆದು ಫಲಕ ಕರಗಿಸಿದರೆ ಅದರೊಳಗಿನ ಕ್ಯಾಲ್ಸಿಯಂ, ಆಂಟಿಮನಿ, ಆರ್ಸೆನಿಕ್ ಮೇಲೆ ಕಟ್ಟುವ ಕಿಟ್ಟದಲ್ಲಿ ಸೇರುತ್ತವೆ. ಆ ಕಿಟ್ಟಕ್ಕೆ ನೀರು ತಗುಲಿದರೆ ಆರ್ಸೀನ್ ಅನಿಲ ಹುಟ್ಟಬಹುದು, ಅದು ರಕ್ತದ ಕೆಂಪು ಕಣಗಳನ್ನೇ ಒಡೆಯುವಂಥದ್ದು.

ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಪಾತ್ರೆಯೊಳಕ್ಕೆ ಸೇರುವ ಲೋಹವಲ್ಲ, ಅಲ್ಲಿಂದ ಹೊರಬೀಳುವುದು. ಈ ಶಾಖದಲ್ಲಿ ಸೀಸದ ಹಬೆ ಕಡಿಮೆ, ನಿಜ. ಆದರೆ ಕೆರೆದು ತೆಗೆದ ಕಿಟ್ಟ ಪುಡಿ ಆಕ್ಸೈಡು, ಒಣಗಿದ ಧೂಳು. ಕೈಗೆ, ಲುಂಗಿಗೆ, ಅಂಗಳಕ್ಕೆ ಅಂಟಿ, ಅಂಬೆಗಾಲಿಡುವ ಮಗುವಿನ ಬಾಯಿ ಸೇರುತ್ತದೆ. ಒಂದೇ ಪ್ರಮಾಣ ಹೊಟ್ಟೆಗೆ ಹೋದರೂ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಸೀಸವನ್ನು ಹೀರಿಕೊಳ್ಳುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆಯಲ್ಲಿ ದಶಕಗಟ್ಟಲೆ ಇಟ್ಟುಕೊಳ್ಳುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟ ಗೊತ್ತಿಲ್ಲವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಲೆ ಬಯಲಲ್ಲಿರಲಿ, ಆ ಬಾಣಲೆ ಮತ್ತೆಂದೂ ಅಡುಗೆಮನೆಗೆ ಬರಬಾರದು, ಕಿಟ್ಟವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ಮುಚ್ಚಳದ ಡಬ್ಬಿಗೆ ಹಾಕಬೇಕು.

ಕಳಚಿದ ಗುಂಡು ನದಿ ತಳದಲ್ಲಿ ಉಳಿಯುತ್ತದೆ. ಜಲಪಕ್ಷಿಗಳು ಆಹಾರ ಅರೆಯಲು ಸಣ್ಣ ಕಲ್ಲು ನುಂಗುವಾಗ ಸೀಸವನ್ನೂ ನುಂಗುತ್ತವೆ. ಹಂಸಗಳು ಹೀಗೆ ಸತ್ತದ್ದರಿಂದ ಬ್ರಿಟನ್ 1987ರಲ್ಲಿ ಗಾಳಕ್ಕೆ ಕಟ್ಟುವ ಬಹುತೇಕ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿತು. ನಮ್ಮ ರಂಗನತಿಟ್ಟು ಇದೇ ಕಾವೇರಿಯಲ್ಲಿದೆ. ಉಕ್ಕಿನ ನಟ್ಟುಗಳನ್ನೇ ಕಟ್ಟಬಹುದು. ನೀರಿನಲ್ಲಿ ಅದೇ ಭಾರಕ್ಕೆ ಒಂದೂವರೆ ಪಟ್ಟು ಗಾತ್ರ ಬೇಕಾಗುತ್ತದೆ, ತುಕ್ಕೂ ಹಿಡಿಯುತ್ತದೆ, ಆದರೆ ಕರಗಿಸುವ ಕೆಲಸವಿಲ್ಲ.